ಕೆರೆ ದಡದ ಬೋರ್ಡಿನಲ್ಲಿ ಏನಿರಬೇಕು?

ಸಮುದ್ರದ ವಿಷಯದಲ್ಲಿ ಗೋವಾದವರನ್ನು ಮೆಚ್ಚಲೇಬೇಕು. 2008ರಿಂದ ಇಲ್ಲಿನ ಬೀಚ್‌ಗಳಲ್ಲಿ ಲೈಫ್‌ಗಾರ್ಡ್‌ಗಳ ಕಾವಲಿದೆ. ಕೆಂಪು-ಹಳದಿ ಬಾವುಟಗಳ ನಡುವೆ ಈಜಬಹುದು, ಬರೀ ಕೆಂಪಿದ್ದರೆ ಇಳಿಯುವಂತಿಲ್ಲ. ಓದು ಬಾರದವರಿಗೂ ಅರ್ಥವಾಗುತ್ತದೆ. ಡಿಚೋಲಿ ಹತ್ತಿರದ ಮಯೆಂ ಕೆರೆಗೂ ಲೈಫ್‌ಗಾರ್ಡ್ ಹಾಕಿದ್ದಾರೆ. ನಮ್ಮ ಕರ್ನಾಟಕದ ಕಡೆ ಎಷ್ಟು ಕೆರೆಗಳಿಗೆ ಈ ಭಾಗ್ಯ ಇದೆ ಹೇಳಿ?

ಆದರೆ ಬಾವುಟ ಹೇಳೋದು ಅಲೆ, ಸೆಳೆತದ ಬಗ್ಗೆ. ನೀರು ಚೊಕ್ಕಟವೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಅದರಲ್ಲಿ ಕರ್ನಾಟಕವೇ ಒಂದು ಕೈ ಮೇಲು. ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕಟ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತು. ಅದು ಉಳಿಯಬೇಕಾದರೆ ನೀರನ್ನು ಆಗಾಗ ಪರೀಕ್ಷಿಸಿ, ಫಲಿತಾಂಶವನ್ನು ದಡದಲ್ಲೇ ಹಾಕಬೇಕು.

ಕೆರೆಗೆ ಬಂದರೆ ಈ ಪದ್ಧತಿ ಎಲ್ಲೂ ಕಾಣೆ. ಪರೀಕ್ಷೆ ನಡೆಯೋದಿಲ್ಲ ಅಂತಲ್ಲ. ಬೆಂಗಳೂರಿನ ಕೆರೆಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ದರ್ಜೆ ಕೊಡುತ್ತದೆ, ಹೆಚ್ಚಿನವಕ್ಕೆ 'ಡಿ' ಇಲ್ಲವೇ 'ಇ'. ಡಿ ಅಂದರೆ ಮೀನಿಗೆ, ಇ ಅಂದರೆ ನೀರಾವರಿಗೆ. ಮನುಷ್ಯರ ಸ್ನಾನಕ್ಕೆ 'ಬಿ' ಬೇಕು. ಇದೆಲ್ಲ ಮಂಡಳಿಯ ವೆಬ್‌ಸೈಟ್‌ನಲ್ಲಿದೆ. ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟವನು ಅದನ್ನು ಹುಡುಕ್ತಾನಾ?

ವಾಸ್ಕೋದ ನಮ್ಮ ಮನೆಗೆ ಹುಬ್ಬಳ್ಳಿಯಿಂದ ಬಂದಿದ್ದ ಅಕ್ಕನ ಮಗ ಒಂದು ಕೆರೆ ಕಂಡದ್ದೇ ಅಂಗಿ ಬಿಚ್ಚಿದ. "ನೀರು ಎಷ್ಟ್ ತಿಳಿ ಅದ ನೋಡ್ರಿ ಮಾಮಾ, ಏನೂ ಆಗಂಗಿಲ್ಲ." ಅವನ ಹಿಮ್ಮಡಿಯಲ್ಲಿ ಹೊಸ ಚಪ್ಪಲಿ ಕಚ್ಚಿದ ಹಸಿ ಗಾಯ. ಇಲಿಜ್ವರದ ರೋಗಾಣುವಿಗೆ ಅಷ್ಟು ದಾರಿ ಸಾಕು. ತಿಳಿ ನೀರಲ್ಲೂ ಅದು ಇರಬಹುದು. ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕೂಡ ಕಣ್ಣಿಗೆ ಕಾಣೋದಿಲ್ಲ. ನಮ್ಮ ದೇಶದ ಸ್ನಾನದ ನೀರಿನ ಮಾನದಂಡದಲ್ಲಿ 100 ಮಿಲಿಲೀಟರಿಗೆ 500ರೊಳಗಿದ್ದರೆ ಒಳ್ಳೆಯದು, 2500 ಕೊನೆಯ ಮಿತಿ. ಎಣಿಸಲು ಲ್ಯಾಬಿಗೆ ಒಂದೆರಡು ದಿನ ಬೇಕು. ಅಷ್ಟರಲ್ಲಿ ಜೋರು ಮಳೆ ಬಂದು ಚರಂಡಿ ನೀರು ಸೇರಿದರೆ ಆ ಲೆಕ್ಕ ಹಳೆಯದಾಯಿತು.

ಅದಕ್ಕೇ 'ಈಜು ನಿಷೇಧ' ಅನ್ನುವ ಬೋರ್ಡು ನನಗೆ ಸಾಲದು. ಯಾಕೆ ನಿಷೇಧ? ಹೂಳಿದೆಯಾ? ದಿಢೀರ್ ಆಳವಾ? ಒಳಚರಂಡಿ ಸೇರುತ್ತಿದೆಯಾ? ಕಾರಣ ಬರೆಯದಿದ್ದರೆ ಹುಡುಗರು ಸುಮ್ನೆ ಹೆದರಿಸ್ತಾರೆ ಅಂದುಕೊಂಡು ಇಳಿಯುತ್ತಾರೆ. ಮಾದರಿ ತೆಗೆದ ತಾರೀಖು, ಕೋಲಿಫಾರ್ಮ್ ಲೆಕ್ಕ, ಆಳ, 'ಮಳೆ ಬಂದ ಮೇಲೆ ಇಳಿಯಬೇಡಿ' ಅನ್ನುವ ಒಂದು ಸಾಲು, ಇಷ್ಟಿದ್ದರೆ ಸಾಕು. ಒಂದು ಕರಿಹಲಗೆ, ಒಂದು ಸೀಮೆಸುಣ್ಣ. ಮಯೆಂನಿಂದಲೇ ಶುರು ಮಾಡಬಹುದು. ದಿನಾ ಬರೆದು ಅಳಿಸಲು ಅಲ್ಲಿ ಹೇಗೂ ಲೈಫ್‌ಗಾರ್ಡ್ ಇದ್ದಾರಲ್ವಾ.