ಚಿತ್ರದ ಕೆಳಗೆ ಬರೆದವಳ ಹೆಸರೂ ಇರಲಿ

ನಾನಿರುವ ನ್ಯೂಜೆರ್ಸಿಯ ನೂವಾರ್ಕ್‌ನಲ್ಲಿ 1870ರ ದಶಕದಲ್ಲಿ ಕಲಾವಿದೆ ಮೇರಿ ನಿಮ್ಮೊ ಮೊರಾನ್ ಸಂಸಾರ ಮಾಡಿಕೊಂಡಿದ್ದಳು. 1842ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವಳು. ಗಂಡ ಥಾಮಸ್ ಮೊರಾನ್ ಪಶ್ಚಿಮ ಅಮೆರಿಕದ ಯೆಲ್ಲೋಸ್ಟೋನ್ ಪ್ರದೇಶದ ಚಿತ್ರಗಳಿಂದ ಹೆಸರಾದವನು. ಟೀಟನ್ ಬೆಟ್ಟಸಾಲಿನ ಒಂದು ಶಿಖರಕ್ಕೆ ಅವನ ಹೆಸರೇ ಇದೆ. ಮೇರಿಯ ಹೆಸರು ಕೇಳಿದವರು ಇಲ್ಲೂ ಕಡಿಮೆ.

1879ರಲ್ಲಿ ಗಂಡ ಪಶ್ಚಿಮಕ್ಕೆ ಹೊರಟಾಗ ಮೇಣ ಬಳಿದ ತಾಮ್ರದ ತಗಡುಗಳನ್ನು ಕೊಟ್ಟು ಹೋದ. ಮೇರಿ ಆಗ ಮಕ್ಕಳ ಜೊತೆ ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿದ್ದಳು. ತಗಡುಗಳನ್ನು ಬಯಲಿಗೆ ಒಯ್ದು, ಕಂಡದ್ದನ್ನು ನೇರವಾಗಿ ಅದರ ಮೇಲೆಯೇ ಸೂಜಿಯಿಂದ ಗೀರಿದಳು. ಗೀರಿದ ಕಡೆ ಮೇಣ ಹೋಗಿ ತಾಮ್ರ ಕಾಣುತ್ತದೆ. ಆಮ್ಲದಲ್ಲಿಟ್ಟರೆ ಅಲ್ಲಿ ಮಾತ್ರ ಕೊರೆಯುತ್ತದೆ. ಆ ಗೆರೆಗಳಿಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ ಜೋರಾಗಿ ಒತ್ತಬೇಕು. ಇದಕ್ಕೇ ಎಚಿಂಗ್ ಅನ್ನುತ್ತಾರೆ. ತಪ್ಪಾದರೆ ತಿದ್ದುವುದು ಸುಲಭವಲ್ಲ. ಆದರೂ ಆಕೆಯ ಗೆರೆಗೆ ಹೆದರಿಕೆಯೇ ಇಲ್ಲ. ಮುಂದೆ ನ್ಯೂಯಾರ್ಕ್ ರಾಜ್ಯದ ಈಸ್ಟ್ ಹ್ಯಾಂಪ್ಟನ್‌ನ ಹಳ್ಳಿ, ಹೆಬ್ಬಾತುಗಳ ಕೊಳ, ಸಂಜೆಗತ್ತಲು, ಎಲ್ಲವನ್ನೂ ಹೀಗೇ ಹಿಡಿದಳು.

1881ರಲ್ಲಿ ಲಂಡನ್ನಿನ ಎಚಿಂಗ್ ಕಲಾವಿದರ ಸಂಘ ಆಕೆಯನ್ನು ಸೇರಿಸಿಕೊಂಡಿತು. ಮೊದಲ 65 ಸದಸ್ಯರಲ್ಲಿ ಹೆಣ್ಣು ಆಕೆ ಒಬ್ಬಳೇ. ಚಿತ್ರಗಳ ಮೇಲೆ ಹಾಕುತ್ತಿದ್ದ ಹೆಸರು ‘ಎಂ. ನಿಮ್ಮೊ’. ಅದರಿಂದ ಹೆಣ್ಣೋ ಗಂಡೋ ತಿಳಿಯುವಂತಿರಲಿಲ್ಲ. 1899ರಲ್ಲಿ, ಟೈಫಾಯಿಡ್ ಬಂದ ಮಗಳ ಆರೈಕೆ ಮಾಡುತ್ತಾ ತಾನೂ ಅದೇ ಜ್ವರಕ್ಕೆ ಸಿಕ್ಕಿ ತೀರಿಕೊಂಡಳು. ಆಮೇಲೆ ಬಹಳ ಕಾಲ ಜನ ಮರೆತರು. ಆದರೆ ಕಾಗದದ ಮೇಲೆ ಹೆಸರು ಉಳಿದಿತ್ತಲ್ಲ, ಹುಡುಕುವವರಿಗೆ ದಾರಿ ಸಿಕ್ಕಿತು. ಈಸ್ಟ್ ಹ್ಯಾಂಪ್ಟನ್‌ನ ಅವರ ಮನೆಯನ್ನು ಈಗ ಗಂಡ ಹೆಂಡತಿ ಇಬ್ಬರ ಹೆಸರಿನಿಂದಲೂ ಕರೆಯುತ್ತಾರೆ.

ನಮ್ಮ ಕಡೆ? ಶಿವಮೊಗ್ಗ ಜಿಲ್ಲೆಯ ಸಾಗರ ಸೀಮೆಯ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ. ಗೆರೆಯ ಹದದಲ್ಲಿ ಮೇರಿಗೆ ಏನೂ ಕಡಿಮೆಯಿಲ್ಲ. ಹೆಸರು ಮಾತ್ರ ಹಾಕುವುದಿಲ್ಲ. ಅದು ಊರಿನದು, ಹಬ್ಬದ್ದು, ಎಲ್ಲರದ್ದು. ಆ ಭಾವನೆ ನನಗೆ ತುಂಬಾ ಇಷ್ಟ. ಗೋಡೆಯ ಮೇಲೆ, ಮದುವೆ ಮನೆಯಲ್ಲಿ, ಅದು ಹಾಗೇ ಇರಲಿ.

ಆದರೆ ಚಿತ್ತಾರ ಈಗ ಗೋಡೆ ಬಿಟ್ಟು ಫ್ರೇಮಿಗೆ, ಬ್ಯಾಗಿಗೆ, ಕ್ಯಾಲೆಂಡರಿಗೆ ಬಂದಿದೆ. ಇಲ್ಲಿ ರಾಜ್ಯೋತ್ಸವದ ವೇದಿಕೆಗೂ ಕಟ್ಟುತ್ತೇವೆ. ಯಾರು ಬರೆದದ್ದು ಅಂತ ಕೇಳಿದರೆ ‘ಮಲೆನಾಡಿನ ಹೆಂಗಸರು’ ಎಂದುಬಿಡುತ್ತೇವೆ. ಅಷ್ಟು ಸಾಕಾ? ದುಡ್ಡು ಕೊಟ್ಟು ತರಿಸುವ ನಾವು ಬರೆದವರ ಹೆಸರು, ಊರು ಕೇಳಿಕೊಂಡು ಕೆಳಗೆ ಅಚ್ಚು ಹಾಕಿಸಬಹುದು, ಅಲ್ವಾ? ಈ ನವೆಂಬರಿನಿಂದಲೇ ಶುರು ಮಾಡೋಣ.