20ರವರೆಗೆ ಮಗ್ಗಿ ಬಾಯಿಗೆ ಬರಲೇಬೇಕೇ?

ಪರ: ಮಗ್ಗಿ ನಾಲಿಗೆಯಲ್ಲಿದ್ದರೆ ತಲೆಗೆ ಬಿಡುವು

4228ನ್ನು 14ರಿಂದ ಭಾಗಿಸಲು ಕೊಟ್ಟು, ಮಗುವಿನ ಹಾಳೆಯ ಅಂಚನ್ನು ನೋಡಿ. ಮಗ್ಗಿ ಬಾರದ ಮಗು ಅಲ್ಲಿ 14, 28, 42 ಎಂದು ಕೂಡಿಸುತ್ತ ಹೋಗಿರುತ್ತದೆ. 42 ಸಿಕ್ಕಿತು, ಮೇಲೆ 3 ಬರೆಯಿತು. ಮುಂದಿನ 2ನ್ನು ಇಳಿಸಿದಾಗ ಅದರಲ್ಲಿ 14 ಹೋಗುವುದಿಲ್ಲ, ಭಾಗಲಬ್ಧದಲ್ಲಿ ಸೊನ್ನೆ ಬರೆಯಬೇಕು. ಅಷ್ಟು ಹೊತ್ತಿಗೆ ಗಮನವೆಲ್ಲ ಅಂಚಿನ ಕೂಡಿಕೆಯಲ್ಲೇ ಕರಗಿರುತ್ತದೆ. ಸೊನ್ನೆ ಬಿಟ್ಟುಹೋಗಿ, 302 ಬರಬೇಕಾದಲ್ಲಿ 32 ಬರುತ್ತದೆ. ‘ಇವಳಿಗೆ ಭಾಗಾಕಾರ ಬರುವುದಿಲ್ಲ’ ಎಂದುಬಿಡುತ್ತೇವೆ. ಭಾಗಾಕಾರದ ಕ್ರಮ ಅವಳಿಗೆ ಗೊತ್ತು. ‘ಹದಿನಾಲ್ಕ್ ಮೂರ್ಲ ನಲವತ್ತೆರಡು’ ತಟ್ಟನೆ ಬರಲಿಲ್ಲ, ಅಷ್ಟೆ.

ಈ ಕೊರತೆ ಮುಂದಿನ ತರಗತಿಗಳಲ್ಲಿ ಬೆಳೆಯುತ್ತ ಹೋಗುತ್ತದೆ. 18/24ನ್ನು ಸಂಕ್ಷೇಪಿಸಬೇಕಾದರೆ ಎರಡೂ ಆರರ ಮಗ್ಗಿಯವು ಎಂದು ಕಣ್ಣಿಗೆ ಕಾಣಬೇಕು. ಬೀಜಗಣಿತದ ಅಪವರ್ತನದಲ್ಲಿ ಗುಣಿಸಿದರೆ 56, ಕೂಡಿಸಿದರೆ 15 ಆಗುವ ಜೋಡಿ ಬೇಕು. ಏಳೆಂಟು ಕೂಡಲೇ ಹೊಳೆಯಬೇಕು.

ಒಟ್ಟಾಗಿ ರಾಗವಾಗಿ ಹೇಳಿಸುವುದು ಮೊದಲ ಮೆಟ್ಟಿಲು ಮಾತ್ರ, ಅಲ್ಲೇ ನಿಲ್ಲಿಸುವವರಿಂದಲೇ ಮಗ್ಗಿಗೆ ಕೆಟ್ಟ ಹೆಸರು ಬಂದಿದೆ. ದಿನಕ್ಕೆ ಹತ್ತು ನಿಮಿಷ ಸಾಕು. ಮೊದಲು ಸಾಲಾಗಿ, ಆಮೇಲೆ ಅಡ್ಡಾದಿಡ್ಡಿಯಾಗಿ, ಕೊನೆಗೆ ತಿರುಗಿಸಿ ಕೇಳಿ: ‘42 ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ?’ 6, 7, 14 ಎಂದು ಮಗು ಉತ್ತರಿಸಿದ ದಿನ ಭಾಗಾಕಾರ ಅರ್ಧ ಕಲಿತಂತೆ.

ವಿರೋಧ: ಹತ್ತಕ್ಕೆ ನಿಲ್ಲಿಸಿ, ಚೌಕ ಬಿಡಿಸಿ

ಬಾಯಿಪಾಠವೇ ಬೇಡ ಎನ್ನುತ್ತಿಲ್ಲ. 20ರವರೆಗೆ ಏಕೆ ಎಂಬುದಷ್ಟೇ ಪ್ರಶ್ನೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ ಹನ್ನೆರಡು, ಹದಿನಾರರ ಮಗ್ಗಿ ಅಂಗಡಿ ಲೆಕ್ಕಕ್ಕೇ ಬೇಕಿತ್ತು. 1957ರಲ್ಲಿ ದಶಮಾಂಶ ನಾಣ್ಯ ಬಂತು. ಆಣೆ ಹೋಯಿತು, ಆ ಮಗ್ಗಿ ಮಾತ್ರ ಮಕ್ಕಳ ಹೆಗಲ ಮೇಲೆ ಉಳಿಯಿತು.

ಹತ್ತರವರೆಗಿನ ಮಗ್ಗಿಯಲ್ಲಿ ನೂರು ಗುಣಲಬ್ಧಗಳಿವೆ. 7×8 ಬಂದರೆ 8×7 ಬಂದಂತೆಯೇ, ಹಾಗಾಗಿ ಉಳಿಯುವುದು 55. ಸುಲಭವಾದ 1, 2, 5, 10ರವನ್ನು ತೆಗೆದರೆ ಬರೀ 21! ಕಷ್ಟಪಟ್ಟು ನೆನಪಿಡಬೇಕಾದದ್ದು ಅಷ್ಟೆ. ಇದನ್ನು ಮಗುವಿಗೆ ಪಟ್ಟಿಯ ಮೇಲೆ ಅಳಿಸುತ್ತ ತೋರಿಸಬೇಕು. ಭಯ ಅಲ್ಲೇ ಇಳಿಯುತ್ತದೆ.

ರಾಗದಲ್ಲಿ ಕಲಿತ ಮಗುವಿಗೆ ಏಳೆಂಟು ಎಷ್ಟು ಎಂದರೆ ‘ಏಳೊಂದ್ಲ ಏಳು’ ಎಂದು ಬುಡದಿಂದ ಏರಿ ಬರುತ್ತದೆ. ಸಾಲಿಗೆ 8ರಂತೆ 7 ಸಾಲು ಅಡಿಕೆ ಸಸಿ, ಒಟ್ಟು ಎಷ್ಟು ಎಂದರೆ 15 ಎಂದೂ ಬರೆಯುತ್ತದೆ. ಮಗ್ಗಿ ಇದೆ, ಗುಣಾಕಾರ ಇಲ್ಲ.

ಚೌಕುಳಿ ಹಾಳೆಯಲ್ಲಿ 7 ಸಾಲು, ಸಾಲಿಗೆ 8 ಮನೆ ಬಿಡಿಸಿ. ಐದನೇ ಸಾಲಿನ ಕೆಳಗೆ ಗೆರೆ ಎಳೆದರೆ ಮೇಲೆ 40, ಕೆಳಗೆ 16. ಮರೆತರೂ ಕಟ್ಟಿಕೊಳ್ಳಬಹುದು. 14×3 ಕೂಡ ಹೀಗೆಯೇ: 30, 12, ಒಟ್ಟು 42.

ಎರಡಂಕಿ ಗುಣಾಕಾರದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. 14×23ರಲ್ಲಿ ಮಕ್ಕಳು 42ರ ಕೆಳಗೆ 28ನ್ನು ಸ್ಥಾನ ಸರಿಸದೆ ಬರೆದು 70 ಎನ್ನುತ್ತಾರೆ. ‘ಒಂದು ಮನೆ ಬಿಟ್ಟು ಬರೆ’ ಎಂದು ಹೇಳಿಕೊಟ್ಟಿರುತ್ತೇವೆ, ಏಕೆಂದು ಹೇಳಿರುವುದಿಲ್ಲ. 14 ಅಡ್ಡಸಾಲು, 23 ಕಂಬಸಾಲುಗಳ ಆಯತ ಬಿಡಿಸಿ ಇಪ್ಪತ್ತನೇ ಕಂಬಸಾಲಿನ ಬಳಿ ಗೆರೆ ಎಳೆಸಿ. ಎಡಭಾಗದ ಮನೆಗಳನ್ನು ಎಣಿಸಿದ ಮಗುವಿಗೆ ಅದು 28 ಅಲ್ಲ, 280 ಎಂದು ತಾನಾಗಿ ಕಾಣುತ್ತದೆ.