ತೂಕಕ್ಕೆ ಕರೆದದ್ದು ಸತುವನ್ನು, ಬಂದದ್ದು ರುಬಿಡಿಯಂ

ಬೆಟ್ಟ ಅಗೆದು ಇಲಿ ಹಿಡಿದರು ಅಂತ ಯಾರನ್ನಾದರೂ ಆಡಿಕೊಳ್ಳುವ ಮುಂಚೆ ಜಿನೀವಾ ಪಕ್ಕದ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿರುವ, ಅಲ್ಪಾಯು ನ್ಯೂಕ್ಲಿಯಸ್ಸುಗಳನ್ನು ಹುಟ್ಟಿಸುವ ಐಸೋಲ್ಡೆ ಕಡೆ ಒಮ್ಮೆ ಹಾದುಬನ್ನಿ. ಅಲ್ಲಿ ಅದೇ ಪೂರ್ಣಾವಧಿ ಉದ್ಯೋಗ. ಯುರೇನಿಯಂ ಕಾರ್ಬೈಡನ್ನು ಸುಮಾರು 2000 ಡಿಗ್ರಿಗೆ ಕಾಯಿಸಿ, ಅದರ ಮೇಲೆ ಪ್ರೋಟಾನುಗಳನ್ನು ಬಡಿದು, ಒಳಗೆ ಹುಟ್ಟಿದ ನೂರಾರು ಬಗೆಯ ನ್ಯೂಕ್ಲಿಯಸ್ಸುಗಳಲ್ಲಿ ಬೇಕಾದ ಒಂದನ್ನು ಮಾತ್ರ ಹಿಡಿದು ತೂಗುತ್ತಾರೆ. ಇಲಿಯಾದರೆ ಕೈಯಲ್ಲಿ ಹಿಡಿದು ನೋಡುವಷ್ಟು ಹೊತ್ತಾದರೂ ಬದುಕಿರುತ್ತದೆ. ಸತು-82ರ (82 ಅಂದರೆ ಅದರ ಪ್ರೋಟಾನು, ನ್ಯೂಟ್ರಾನುಗಳ ಒಟ್ಟು ಲೆಕ್ಕ, ಹೆಚ್ಚುಕಡಿಮೆ ಅದರ ಭಾರ) ಅರ್ಧಾಯು, ಅಂದರೆ ಇದ್ದವುಗಳಲ್ಲಿ ಅರ್ಧ ಕರಗಿಹೋಗುವ ಹೊತ್ತು, ಸೆಕೆಂಡಿನ ಕಾಲು ಭಾಗವೂ ಇಲ್ಲ.

ನಿಜ ಹೇಳಬೇಕೆಂದರೆ ತೂಗುವುದು ಇಲ್ಲಿ ದೊಡ್ಡ ತಲೆನೋವಲ್ಲ. ಅಯಾನನ್ನು, ಅಂದರೆ ಎಲೆಕ್ಟ್ರಾನ್ ಕಳಚಿದ ಪರಮಾಣುವನ್ನು, ಪೆನಿಂಗ್ ಟ್ರ್ಯಾಪ್ ಎಂಬ ಬಲೆಯಲ್ಲಿ ಕೂಡಿಹಾಕಿ, ಬಲವಾದ ಕಾಂತಕ್ಷೇತ್ರದಲ್ಲಿ ಅದು ಸೆಕೆಂಡಿಗೆ ಎಷ್ಟು ಸುತ್ತು ಹೊಡೆಯುತ್ತದೆ ಅಂತ ನೋಡಿದರೆ ಆಯಿತು. ಭಾರ ಹೆಚ್ಚಾದಷ್ಟೂ ಸುತ್ತು ಕಡಿಮೆ. ಐಸೋಲ್ಡೆಯ ತೂಕದ ಬಲೆಯಾದ ಐಸೊಲ್ಟ್ರ್ಯಾಪ್‌ನ 5.9 ಟೆಸ್ಲಾ ಮ್ಯಾಗ್ನೆಟ್ಟಿನಲ್ಲಿ 82 ಭಾರದ, ಒಂದೇ ವಿದ್ಯುದಂಶದ ಅಯಾನು ಸೆಕೆಂಡಿಗೆ ಸುಮಾರು 11 ಲಕ್ಷ ಸುತ್ತು ಹೊಡೆಯುತ್ತದೆ. ಸರಿಯಾದ ರೇಡಿಯೊ ಆವರ್ತನ ಕೊಟ್ಟರೆ ಅಯಾನಿಗೆ ಚುರುಕು ಹತ್ತುತ್ತದೆ. ಬಲೆಯಿಂದ ಬಿಟ್ಟಾಗ ಡಿಟೆಕ್ಟರಿಗೆ ಬೇಗ ಬಂದು ಬೀಳುತ್ತದೆ. ತಪ್ಪು ಆವರ್ತನ ಕೊಟ್ಟರೆ ನಿಧಾನಕ್ಕೆ ಬರುತ್ತದೆ. ಆವರ್ತನವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದರೆ, ಬರುವ ಹೊತ್ತಿನ ನಕ್ಷೆಯಲ್ಲಿ ಒಂದು ಗುಂಡಿ ಬೀಳುತ್ತದೆ. ಆ ಗುಂಡಿಯ ತಳವೇ ಉತ್ತರ.

ಗುಂಡಿ ಚೂಪಾಗಿರಬೇಕಾದರೆ ರೇಡಿಯೊ ಅಲೆಯನ್ನು ಹೆಚ್ಚು ಹೊತ್ತು ಕೊಡಬೇಕು. 100 ಮಿಲಿಸೆಕೆಂಡ್ ಕೊಟ್ಟರೆ ಅಗಲ ಸುಮಾರು 10 ಹರ್ಟ್ಸ್, ಒಂದು ಸೆಕೆಂಡ್ ಕೊಟ್ಟರೆ ಸುಮಾರು 1 ಹರ್ಟ್ಸ್. ಒಂದು ಸೆಕೆಂಡ್ ಕೊಡೋಣ ಅಂದರೆ ಅಷ್ಟರಲ್ಲಿ ನಮ್ಮ ಸತು ಗ್ಯಾಲಿಯಂ ಆಗಿ, ಅದೂ ಇನ್ನೇನೋ ಆಗುವ ದಾರಿಯಲ್ಲಿರುತ್ತದೆ. ಆದರೂ ಕೆನಡಾದ ಟ್ರಯಂಫ್ ಪ್ರಯೋಗಾಲಯದವರು 8.8 ಮಿಲಿಸೆಕೆಂಡ್ ಅರ್ಧಾಯುವಿನ ಲಿಥಿಯಂ-11ನ್ನು 2008ರಲ್ಲಿ ಇಂಥದೇ ಬಲೆಯಲ್ಲಿ ತೂಗಿಬಿಟ್ಟರು. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ದೊಡ್ಡ ತಲೆನೋವು ಯಾವುದೆಂದರೆ, ಬಲೆಯಲ್ಲಿರುವುದು ಯಾರು ಎನ್ನುವುದು. 82 ಭಾರದವರನ್ನು ಕರೆದರೆ ಮೊದಲು ಓಡಿಬರುವುದು ರುಬಿಡಿಯಂ-82. ಇದು ಕ್ಷಾರಲೋಹ, ಬಿಸಿ ಗೋಡೆ ತಾಕಿದರೆ ಸಾಕು, ಎಲೆಕ್ಟ್ರಾನ್ ಕಳಚಿಟ್ಟು ಅಯಾನಾಗಿ ಸಿದ್ಧ. ಸತುವಿಗೋ ಲೇಸರ್ ಹಾಕಿ ಉಪಚಾರ ಮಾಡಬೇಕು. ಇಬ್ಬರ ಭಾರದ ವ್ಯತ್ಯಾಸ ಎರಡು ಸಾವಿರ ಚಿಲ್ಲರೆ ಭಾಗದಲ್ಲಿ ಒಂದು ಭಾಗ. ಅಯಾನುಗಳ ದಾರಿ ಬಾಗಿಸಿ ಭಾರದ ಮೇಲೆ ವಿಂಗಡಿಸುವ ಸಾಮಾನ್ಯ ಮ್ಯಾಗ್ನೆಟ್ ಇವರನ್ನು ಬೇರ್ಪಡಿಸಲು ಹೊರಟರೂ ರುಬಿಡಿಯಂ ಪಾಲು ಅಷ್ಟು ಹೆಚ್ಚಿದ್ದಾಗ ಅದರ ಬಾಲ ಸತುವಿನ ಮೇಲೆಯೇ ಬಿದ್ದಿರುತ್ತದೆ.

ಹಾಗಾಗಿ ಬಾಗಿಲಲ್ಲೇ ತಡೆಯಬೇಕು. ಪ್ರೋಟಾನನ್ನು ನೇರ ಯುರೇನಿಯಂಗೆ ಬಿಡದೆ ಪಕ್ಕದ ಟಂಗ್‌ಸ್ಟನ್ ಕಡ್ಡಿಗೆ ಹೊಡೆದು, ಅಲ್ಲಿಂದ ಚಿಮ್ಮುವ ನ್ಯೂಟ್ರಾನುಗಳಿಂದ ಯುರೇನಿಯಂ ಒಡೆಸಿದರೆ ರುಬಿಡಿಯಂ-82 ಹುಟ್ಟುವುದೇ ಕಡಿಮೆ. ಹುಟ್ಟಿದ್ದನ್ನು ದಾರಿಯ ಕ್ವಾರ್ಟ್ಜ್ ಕೊಳವೆ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಕೊಳವೆಯ ಬಿಸಿ ಹದ ತಪ್ಪಬಾರದು: ಹೆಚ್ಚಾದರೆ ರುಬಿಡಿಯಂ ಜಾರಿ ಹೊರಬರುತ್ತದೆ, ಕಡಿಮೆಯಾದರೆ ಸತುವೂ ಅಲ್ಲೇ ಕೂತುಬಿಡುತ್ತದೆ. ಇಷ್ಟಾದರೂ ನುಸುಳಿದವರನ್ನು ಎರಡು ವಿದ್ಯುತ್ ಕನ್ನಡಿಗಳ ನಡುವೆ ನೂರಾರು ಸಲ ಹಿಂದೆ ಮುಂದೆ ಓಡಿಸುತ್ತಾರೆ. ಹಗುರದವರು ಮುಂದೆ, ಭಾರದವರು ಹಿಂದೆ. ಕೊನೆಗೊಂದು ತಂತಿಬೇಲಿ ಗೇಟು ಬೇಕಾದವರಿಗಷ್ಟೇ ತೆರೆಯುತ್ತದೆ. ಕೋಣೆ ತುಸು ಬೆಚ್ಚಗಾಗಿ ಕನ್ನಡಿಯ ವೋಲ್ಟೇಜು ಜರುಗಿತೋ, ಗೇಟು ಹಳೆಯ ಹೊತ್ತಿಗೇ ತೆರೆದು, ಸತುವನ್ನು ಆಚೆ ಹಾಕಿ ರುಬಿಡಿಯಮ್ಮಿಗೆ ಆರತಿ ಎತ್ತುತ್ತದೆ. ಆಗ ಸಿಗುವ ಗುಂಡಿ ಬಹಳ ಚೆಂದ. ಅಷ್ಟು ಚೆಂದ ಕಂಡ ಕೂಡಲೇ ಅನುಮಾನಪಡುವುದು ಒಳ್ಳೆಯದು.

ಇನ್ನು ಕಾಂತಕ್ಷೇತ್ರ. ಚಿನ್ನದಂಗಡಿಯವನು ತಕ್ಕಡಿಗೆ ಗಾಜಿನ ಪೆಟ್ಟಿಗೆ ಹಾಕಿ ಗಾಳಿ ತಡೆಯುತ್ತಾನಲ್ಲ, ಆ ಸುಖ ಇಲ್ಲಿಲ್ಲ. ಮ್ಯಾಗ್ನೆಟ್ಟನ್ನು ತಣ್ಣಗಿಡುವ ಹೀಲಿಯಂ ತೊಟ್ಟಿಯ ಒತ್ತಡ ಏರಿದರೆ ಕ್ಷೇತ್ರ ಜರುಗುತ್ತದೆ. ಮ್ಯಾಗ್ನೆಟ್ಟಿನ ಕೊಳವೆಯೊಳಗಿನ ಲೋಹ ಬಿಸಿಯಾದರೆ ಜರುಗುತ್ತದೆ. ಹಾಲ್‌ನಲ್ಲಿ ಕ್ರೇನು ಕಬ್ಬಿಣ ಹೊತ್ತು ಹೋದರೂ ಜರುಗುತ್ತದೆ. ಕ್ರೇನಿನವರಿಗೆ ಇದು ಗೊತ್ತಾಗುವುದೇ ಇಲ್ಲ. ಏನೂ ಆಗದಿದ್ದರೆ ತನ್ನಷ್ಟಕ್ಕೆ ತಾನೇ ನಿಧಾನಕ್ಕೆ ಇಳಿಯುತ್ತಿರುತ್ತದೆ. ಮದ್ದು ಒಂದೇ: ಭಾರ ಚೆನ್ನಾಗಿ ಗೊತ್ತಿರುವ ರುಬಿಡಿಯಂ-85ನ್ನು ಮೊದಲೊಮ್ಮೆ, ಆಮೇಲೊಮ್ಮೆ ತೂಗಿ, ನಡುವಿನ ಹೊತ್ತಿನ ಕ್ಷೇತ್ರವನ್ನು ಲೆಕ್ಕಹಾಕಿಕೊಳ್ಳುವುದು. ಹೌದು, ಒಬ್ಬ ರುಬಿಡಿಯಮ್ಮನನ್ನು ಓಡಿಸಲು ಇಷ್ಟು ಪಾಡುಪಟ್ಟು ಅದರ ಅಣ್ಣನನ್ನೇ ಕರೆದು ಮಣೆ ಹಾಕುತ್ತೇವೆ.

ಅಯಾನು ಹೆಚ್ಚು ಬಂದರೆ ಖುಷಿಪಡಬೇಡಿ. ಬಲೆಯಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಒಂದನ್ನೊಂದು ತಳ್ಳಾಡುತ್ತವೆ. ಬೇರೆ ಭಾರದ್ದೊಂದು ಜೊತೆಗಿದ್ದರಂತೂ ಆವರ್ತನ ಸದ್ದಿಲ್ಲದೆ ಸರಿಯುತ್ತದೆ. ಸಲಕ್ಕೆ ಒಂದೇ ಅಯಾನು ಬಂದ ಲೆಕ್ಕ, ಎರಡು ಬಂದ ಲೆಕ್ಕ, ಮೂರು ಬಂದ ಲೆಕ್ಕ ಬೇರೆ ಬೇರೆ ಇಟ್ಟು ಹೋಲಿಸಬೇಕು. ಎಷ್ಟು ಬಂದವು ಎನ್ನುವುದರ ಜೊತೆಗೆ ಉತ್ತರವೂ ಬದಲಾಗುತ್ತಿದ್ದರೆ ಒಳಗೆ ಯಾರೋ ಅಡಗಿದ್ದಾರೆ.

ಕೆಲವೊಮ್ಮೆ ಅಡಗಿರುವವನು ಅದೇ ನ್ಯೂಕ್ಲಿಯಸ್ಸೇ ಆಗಿರುತ್ತಾನೆ, ಸ್ವಲ್ಪ ಶಕ್ತಿ ತುಂಬಿಕೊಂಡ ರೂಪದಲ್ಲಿ. ಆ ಶಕ್ತಿಯೂ ತೂಕಕ್ಕೆ ಸೇರುತ್ತದೆ. ತಾಮ್ರ-70ಕ್ಕೆ ಇಂಥ ಮೂರು ರೂಪ. ಅತಿ ಕಡಿಮೆ ಶಕ್ತಿಯ ತಳದ ರೂಪಕ್ಕಿಂತ ಒಂದು ಸುಮಾರು 100, ಇನ್ನೊಂದು ಸುಮಾರು 240 ಕಿಲೊ ಎಲೆಕ್ಟ್ರಾನ್ ವೋಲ್ಟ್ ಮೇಲೆ. 2004ರಲ್ಲಿ ಐಸೊಲ್ಟ್ರ್ಯಾಪ್ ಮೂರನ್ನೂ ಲೇಸರ್‌ನಿಂದ ಆರಿಸಿ ಬೇರೆ ಬೇರೆ ತೂಗಿತು. ಒಂದೇ ತಾಮ್ರಕ್ಕೆ ಮೂರು ತೂಕ, ಮೂರೂ ಸರಿ.